ಆಸ್ತಿಯನ್ನು ತಮ್ಮನ ಹೆಸರಿಗೆ ಬರೆದಿಟ್ಟರೆ ಸಾಲದೇ?

ಆಟಿಸಂ ಇರುವ ತಮ್ಮನ ಜವಾಬ್ದಾರಿ ನನ್ನ ಮೇಲಿದೆ ಎಂದು ತಿಳಿದವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ. "ತೋಟದಲ್ಲಿ ಒಂದು ಎಕರೆ ಅವನ ಹೆಸರಿಗೆ ಬರೆದು, ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ ಇಟ್ಟರೆ ಮುಗಿಯಿತಲ್ಲ ಅಕ್ಕಾ, ಇಷ್ಟೆಲ್ಲ ಕಾಗದಪತ್ರ ಯಾಕೆ?" ಕೇಳುವವರಲ್ಲಿ ಅಂತಹುದೇ ಮಕ್ಕಳಿರುವ ತಂದೆತಾಯಿಯರೂ ಇರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಹೆಸರಿಗೆ ಬರೆದ ಮಾತ್ರಕ್ಕೆ ಆಸ್ತಿ ಅವನ ಉಪಯೋಗಕ್ಕೆ ಒದಗುವುದಿಲ್ಲ. ಕೆಲವೊಮ್ಮೆ ಅದೇ ಅವನಿಗೆ ತೊಡಕಾಗುತ್ತದೆ.

ಕಾಸರಗೋಡಿನ ಈ ಭಾಗದಲ್ಲಿ ಆಸ್ತಿಯೆಂದರೆ ಮುಖ್ಯವಾಗಿ ಅಡಿಕೆ ತೋಟ. ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಸಿಂಪಡಿಸಬೇಕು, ಬೇಸಿಗೆಯಲ್ಲಿ ನೀರು ಬಿಡಬೇಕು, ಕೊಯ್ಲು ಮಾಡಿಸಿ, ಒಣಗಿಸಿ, ಸುಲಿಸಿ, ದರ ನೋಡಿ ಮಾರಬೇಕು. ಇದನ್ನೆಲ್ಲ ಮಾಡಿಸುವವರಿಲ್ಲದ ಒಂದು ಎಕರೆ ಅವನಿಗೆ ಊಟ ಹಾಕುವುದಿಲ್ಲ. ಮೇಲಾಗಿ, ದಾನಪತ್ರ ನೋಂದಣಿಯಾಗಿ ಆಸ್ತಿ ಅವನದಾದ ಮೇಲೆ, ನಾಳೆ ಅವನದೇ ಚಿಕಿತ್ಸೆಗೆ ಅದರಲ್ಲಿ ಹತ್ತು ಸೆಂಟ್ಸ್ ಮಾರಬೇಕೆಂದರೂ ಅವನ ಸಹಿ ಬೇಕು. ನನ್ನ ತಮ್ಮ ತನ್ನ ಹೆಸರನ್ನು ಕನ್ನಡದಲ್ಲಿ ಚೆನ್ನಾಗಿಯೇ ಬರೆಯುತ್ತಾನೆ, ಆದರೆ ಅದು ಮನೆಯ ಮೇಜಿನ ಮುಂದೆ ಮಾತ್ರ. ಬ್ಯಾಂಕಿನಲ್ಲಿ ಟೋಕನ್ ಕೂಗುವ ಸದ್ದು ಕಿವಿಗೆ ಬಿದ್ದರೆ ಎರಡನೆಯ ಅಕ್ಷರಕ್ಕೇ ಪೆನ್ನು ಕೆಳಗಿಟ್ಟು ಬಾಗಿಲ ಕಡೆ ಹೊರಡುತ್ತಾನೆ.

ಇನ್ನು, ಏನನ್ನೂ ಬರೆಯದೆ ಬಿಟ್ಟರೂ ಸಮಸ್ಯೆ ತಪ್ಪುವುದಿಲ್ಲ. ಪುತ್ತೂರು, ಸುಳ್ಯದ ನಮ್ಮ ನೆಂಟರು "ಯಜಮಾನನ ಸಹಿ ಸಾಕು" ಎಂದು ಹೇಳುವುದುಂಟು. ಯಜಮಾನನೇ ಎಲ್ಲರ ಪರವಾಗಿ ವ್ಯವಹರಿಸುವ ಹಿಂದೂ ಅವಿಭಕ್ತ ಕುಟುಂಬ ಪದ್ಧತಿ ಕೇರಳದಲ್ಲಿ 1976ರ ಡಿಸೆಂಬರ್ 1ರಿಂದಲೇ ರದ್ದಾಗಿರುವುದರಿಂದ ಇಲ್ಲಿ ಆ ಮಾತು ನಡೆಯದು. ತಂದೆ ಉಯಿಲು ಬರೆಯದೆ ತೀರಿಹೋದರೆ ಆಟಿಸಂ ಇರುವ ಮಗನೂ ಉಳಿದವರಷ್ಟೇ ಸಮಾನ ಹಕ್ಕುದಾರ. ಅವನ ಪರವಾಗಿ ಸಹಿ ಹಾಕಲು ಅಧಿಕಾರವುಳ್ಳವರು ಇಲ್ಲದೆ ಪಾಲುಪಟ್ಟಿಯೇ ಆಗುವುದಿಲ್ಲ. ಅಣ್ಣತಮ್ಮಂದಿರ ಮನಸ್ಸು ಕಹಿಯಾಗುವುದು ಹೆಚ್ಚಾಗಿ ಈ ಹಂತದಲ್ಲಿ.

ಹಾಗಾದರೆ ಸಹಿ ಹಾಕುವ ಅಧಿಕಾರ ಯಾರಿಗೆ? ಮಗನಿಗೆ ಹದಿನೆಂಟು ತುಂಬಿದ ಮೇಲೆ ಹೆತ್ತ ತಾಯಿಗೂ ಅದು ತಾನಾಗಿ ಇರುವುದಿಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗಾಗಿ 1999ರಲ್ಲಿ ಬಂದ ನ್ಯಾಷನಲ್ ಟ್ರಸ್ಟ್ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಒಂದು ಸ್ಥಳೀಯ ಸಮಿತಿ ಇರುತ್ತದೆ. ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿಯೂ ಅಂಗವೈಕಲ್ಯವುಳ್ಳ ಒಬ್ಬರೂ ಅದರ ಸದಸ್ಯರು. ತಂದೆತಾಯಿ ಅಥವಾ ಸಂಬಂಧಿಕರು ಅರ್ಜಿ ಕೊಟ್ಟರೆ ಈ ಸಮಿತಿ ಕಾನೂನುಬದ್ಧ ಪಾಲಕರನ್ನು ನೇಮಿಸುತ್ತದೆ. ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿಲ್ಲ. ಸಮಿತಿ ಕೊಡುವ ಪಾಲಕತ್ವದ ಪ್ರಮಾಣಪತ್ರವನ್ನು ಬ್ಯಾಂಕುಗಳೂ ಒಪ್ಪಬೇಕು. ಪಾಲಕರಾದವರು ಆರು ತಿಂಗಳೊಳಗೆ ಅವನ ಆಸ್ತಿ ಮತ್ತು ಸಾಲಗಳ ಪಟ್ಟಿಯನ್ನು, ಆಮೇಲೆ ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕವನ್ನು ಒಪ್ಪಿಸಬೇಕು. "ಸ್ವಂತ ಅಕ್ಕನಿಂದಲೂ ಲೆಕ್ಕ ಕೇಳುತ್ತಾರಾ" ಎಂದು ಬೇಸರಪಡುವವರಿದ್ದಾರೆ. ನನಗಂತೂ ಈ ಕಾಯಿದೆಯಲ್ಲಿ ಹೆಚ್ಚು ಹಿಡಿಸಿದ್ದು ಅದೇ, ಏಕೆಂದರೆ ನನ್ನ ನಂತರ ಬರುವವರಿಂದಲೂ ಹಾಗೆಯೇ ಕೇಳುತ್ತಾರೆ.

ಇಲ್ಲೊಂದು ಎಚ್ಚರಿಕೆ ಬೇಕು. ಆಟಿಸಂ ಇರುವವರೆಲ್ಲರಿಗೂ ಪಾಲಕರು ಬೇಕಾಗಿಲ್ಲ. ತಮ್ಮ ಹಣದ ವ್ಯವಹಾರವನ್ನು ತಾವೇ ನಡೆಸಿಕೊಳ್ಳುವವರು ಬೇಕಾದಷ್ಟು ಮಂದಿ ಇದ್ದಾರೆ. ಅಂಥವರಿಗೆ ಜಂಟಿ ಖಾತೆ, ಒಬ್ಬ ನಂಬಿಕಸ್ಥರ ಸಲಹೆ ಸಾಕು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯೂ ಅವರ ಆಸ್ತಿಯ ಹಕ್ಕನ್ನು ಸ್ಪಷ್ಟವಾಗಿ ಹೇಳಿ, ಪಾಲಕರು ಬೇಕಾದರೂ ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ, ಅವರ ಜೊತೆ ಕೂಡಿಯೇ ತೀರ್ಮಾನ ಮಾಡುವ ಸೀಮಿತ ಪಾಲಕತ್ವವನ್ನು ಮುಂದಿಡುತ್ತದೆ. ಕೈಯಲ್ಲಿ ಪ್ರಮಾಣಪತ್ರ ಇದೆಯೆಂದು ಅವನ ಅಂಗಿಯ ಬಣ್ಣವನ್ನೂ ನಾವೇ ನಿರ್ಧರಿಸುವುದು ಸರಿಯಲ್ಲ.

ಹೆಸರಿಗೆ ಬರೆಯುವುದು ಬೇಡವೆಂದರೆ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ: "ಎಲ್ಲವನ್ನೂ ಅಣ್ಣನಿಗೆ ಕೊಡಿ, ಅವನು ನೋಡಿಕೊಳ್ಳುತ್ತಾನೆ." ಅಣ್ಣ ಒಳ್ಳೆಯವನೇ ಇರಬಹುದು, ಆದರೆ ಅವನು ಮೊದಲು ತೀರಿಕೊಂಡರೆ ಆಸ್ತಿ ಅವನ ಹೆಂಡತಿ ಮಕ್ಕಳದು, ಸಾಲ ಮಾಡಿದರೆ ಸಾಲ ಕೊಟ್ಟವರದು, ಬಾಯಿಮಾತಿನ ಷರತ್ತು ಅವರನ್ನು ಕಟ್ಟಿಹಾಕದು. ನಮ್ಮ ಮನೆಯಲ್ಲಿ ಅಮ್ಮ ಉಯಿಲು ಬರೆದು, ಅದರಲ್ಲಿಯೇ ಅವನ ಜೀವನಕ್ಕಾಗಿ ಒಂದು ಖಾಸಗಿ ಟ್ರಸ್ಟ್ ಹುಟ್ಟುವಂತೆ ಮಾಡಿದ್ದಾರೆ. ಅವನು ಬದುಕಿರುವವರೆಗೆ ಉತ್ಪತ್ತಿ ಅವನ ಖರ್ಚಿಗೆ, ಅಗತ್ಯಬಿದ್ದರೆ ಅಸಲಿನಿಂದಲೂ ತೆಗೆಯಬಹುದು, ಅವನ ನಂತರ ಉಳಿದದ್ದು ಯಾರಿಗೆ ಎಂಬುದೂ ಅಲ್ಲೇ ಇದೆ. ಪಾಲಕಳು ನಾನು, ಟ್ರಸ್ಟಿನ ಆಸ್ತಿ ನೋಡಿಕೊಳ್ಳುವ ಟ್ರಸ್ಟಿಗಳು ಬೇರೆ ಇಬ್ಬರು. ಊಟ ಹಾಕುವ ಕೈಯೂ ದುಡ್ಡಿನ ಚೀಲ ಹಿಡಿದ ಕೈಯೂ ಒಂದೇ ಆಗಬಾರದೆಂದು ನನ್ನ ಖಚಿತ ಅಭಿಪ್ರಾಯ. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ, ನೋಂದಣಿ ಕಡ್ಡಾಯವಲ್ಲ. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿಬಿಡುವುದು ಲೇಸು.

ಪಿಂಚಣಿಯ ವಿಷಯದಲ್ಲಂತೂ 'ಅವನ ಹೆಸರಿಗೆ' ಎಂಬ ಉಪಾಯ ನೇರವಾಗಿ ಕೈಸುಡುತ್ತದೆ. ನಮ್ಮ ಅಪ್ಪ ಅಂಚೆ ಇಲಾಖೆಯಲ್ಲಿದ್ದವರು. ಕೇಂದ್ರ ಸರ್ಕಾರಿ ನೌಕರರ ಮಕ್ಕಳಲ್ಲಿ ಅಂಗವೈಕಲ್ಯದಿಂದಾಗಿ ದುಡಿದು ಬದುಕಲಾಗದವರಿಗೆ ಕುಟುಂಬ ಪಿಂಚಣಿ ಜೀವನಪರ್ಯಂತ ಸಿಗುತ್ತದೆ. ಆದರೆ 2021ರ ಆದೇಶದಂತೆ, ಬೇರೆ ಮೂಲಗಳಿಂದ ಅವರಿಗೆ ಬರುವ ಆದಾಯವು ಸಿಗಬೇಕಾದ ಸಾಮಾನ್ಯ ದರದ ಕುಟುಂಬ ಪಿಂಚಣಿ ಮತ್ತು ತುಟ್ಟಿಭತ್ಯೆಗಿಂತ ಕಡಿಮೆ ಇರಬೇಕು. ಪ್ರೀತಿಯಿಂದ ಅವನ ಹೆಸರಿನಲ್ಲಿಟ್ಟ ದೊಡ್ಡ ಠೇವಣಿಯ ಬಡ್ಡಿಯೇ ಆ ಮಿತಿಯನ್ನು ದಾಟಿಸಿಬಿಡಬಹುದು. ನೌಕರರಾದವರು ತಾವಿರುವಾಗಲೇ ಇಲಾಖೆಗೆ ತಿಳಿಸಿ ಮಗನ ಹೆಸರನ್ನು ಪಿಂಚಣಿ ದಾಖಲೆಯಲ್ಲಿ ಸೇರಿಸಿಟ್ಟರೆ ಆಮೇಲಿನ ಅರ್ಧ ಓಡಾಟ ತಪ್ಪುತ್ತದೆ. ಇದಕ್ಕೆಲ್ಲ ಬುನಾದಿ ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಕಾರ್ಡು ದೇಶವಿಡೀ ಸಲ್ಲುತ್ತದೆ, ಗಡಿಯಲ್ಲಿರುವ ನಮಗೆ ಅದು ಸಣ್ಣ ಅನುಕೂಲವಲ್ಲ. ಮೇಲೆ ಹೇಳಿದ 1999ರ ಕಾಯಿದೆಯಡಿ ಇರುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ 'ನಿರಾಮಯ' ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ.

ವಕೀಲರು ಹೇಳದ ಇನ್ನೊಂದು ಕಾಗದವನ್ನು ನಾನು ಬರೆದಿಟ್ಟಿದ್ದೇನೆ. ಕಾನೂನಿನ ಬಲ ಅದಕ್ಕಿಲ್ಲ. ಕುಚ್ಚಲಕ್ಕಿ ಗಂಜಿ ಬಿಸಿಯಿದ್ದರೆ ಮುಟ್ಟುವುದಿಲ್ಲ, ಹಲ್ಲುನೋವು ಬಂದರೆ ಬಾಯಿ ತೋರಿಸದೆ ಎಡಗಿವಿ ಹಿಡಿದುಕೊಳ್ಳುತ್ತಾನೆ, ಚೆಂಡೆಯ ಸದ್ದು ಇಷ್ಟ ಆದರೆ ಪಟಾಕಿ ಆಗದು, ರಾತ್ರಿಯ ಮಾತ್ರೆಯನ್ನು ಬೆಲ್ಲದ ಜೊತೆ ಕೊಡಬೇಕು. ಇದನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆದಿದ್ದೇನೆ, ಏಕೆಂದರೆ ಅವನಿಗೆ ತಿಳಿಯುವುದು ಕನ್ನಡ, ಇಲ್ಲಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿರುವ ನರ್ಸ್ ಓದುವುದು ಮಲಯಾಳ. ಮೊದಲು ಅವನ ವೈದ್ಯರೆಲ್ಲ ಮಂಗಳೂರಿನವರೇ. 2020ರ ಮಾರ್ಚಿನಲ್ಲಿ ಗಡಿ ಮುಚ್ಚಿದ ಮೇಲೆ ಈ ಬದಿಯಲ್ಲಿಯೂ ಒಬ್ಬರನ್ನು ಗೊತ್ತುಮಾಡಿಕೊಂಡೆವು.

ಈಗ ಉಳಿದಿರುವುದು ನನ್ನ ನಂತರದ ಪಾಲಕರ ಹೆಸರು. ಸುಳ್ಯದಲ್ಲಿರುವ ನಮ್ಮ ಸೋದರಳಿಯ ಒಪ್ಪಿದ್ದಾನೆ. ಅವನ ಹೆಂಡತಿಯನ್ನು ಬೇರೆಯಾಗಿ, ಅವನಿಲ್ಲದಾಗ ಕೇಳಬೇಕೆಂದು ಅಮ್ಮ ಹೇಳಿದ್ದಾರೆ. ಅವಳು ಆಗದು ಎಂದರೆ ಬೇಸರಿಸದೆ ಮತ್ತೊಬ್ಬರನ್ನು ಹುಡುಕಬೇಕೆಂದೂ ಹೇಳಿದ್ದಾರೆ.