ಆಲ್ಬರ್ಟ್ ಹಾಲ್‌ನಲ್ಲಿ ಎದುರಿನ ಜಾಗ ಯಾರದು?

ಮಂಗಳೂರಿನ ಸಂಗೀತಪ್ರಿಯರಿಗೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಹೆಸರು ಪರಿಚಯವಾದದ್ದು ಹೆಚ್ಚಾಗಿ ಕದ್ರಿ ಗೋಪಾಲನಾಥರ ಮೂಲಕ. 1994ರಲ್ಲಿ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಅವರು ಸ್ಯಾಕ್ಸೋಫೋನ್ ನುಡಿಸಿದ ಸಂಗತಿಯನ್ನು ನಮ್ಮ ಮನೆಯ ಹಿರಿಯರು ತಾವೇ ಹೋಗಿ ಕೇಳಿ ಬಂದವರಂತೆ ಹೇಳುತ್ತಿದ್ದರು. ಉದ್ಯೋಗದ ನಿಮಿತ್ತ ಲಂಡನ್ನಿಗೆ ಬಂದ ಮೇಲೆ ನಾನು ಹುಡುಕಿಕೊಂಡು ಹೋದದ್ದೂ ಆ ಸಭಾಂಗಣವನ್ನೇ.

ಪ್ರಾಮ್ಸ್ ಆರಂಭವಾದದ್ದು 1895ರಲ್ಲಿ, ಕ್ವೀನ್ಸ್ ಹಾಲ್ ಎಂಬ ಬೇರೊಂದು ಸಭಾಂಗಣದಲ್ಲಿ, ಹೆನ್ರಿ ವುಡ್ ಅವರ ನಿರ್ದೇಶನದಲ್ಲಿ. ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಸಂಗೀತ ಜನರಿಗೆ ಸಿಗಲಿ ಎಂಬುದು ಅದರ ಉದ್ದೇಶ. 1941ರಲ್ಲಿ ಜರ್ಮನ್ ಬಾಂಬಿಗೆ ಆ ಕಟ್ಟಡ ಸುಟ್ಟುಹೋದ ಮೇಲೆ ಉತ್ಸವ ಆಲ್ಬರ್ಟ್ ಹಾಲ್‌ಗೆ ಬಂತಾದರೂ ಕಡಿಮೆ ದುಡ್ಡು ಕೊಟ್ಟು ನಿಂತು ಕೇಳುವವರ ಹಕ್ಕು ಮೊಟಕಾಗಲಿಲ್ಲ. ವೇದಿಕೆಗೆ ತಾಗಿಕೊಂಡಿರುವ ನಡು ಅಂಗಳದಲ್ಲಿ ಕುರ್ಚಿಗಳನ್ನೇ ಹಾಕುವುದಿಲ್ಲ. 2024ರಲ್ಲಿ ಅಲ್ಲಿ ನಿಲ್ಲುವ ಟಿಕೆಟ್‌ಗೆ 8 ಪೌಂಡ್ ಇತ್ತು. ಹಿಂದೆ ಮೆತ್ತನೆಯ ಆಸನದಲ್ಲಿ ಕುಳಿತವರಲ್ಲಿ ಅನೇಕರು ಅದರ ಹಲವು ಪಟ್ಟು ತೆತ್ತಿರುತ್ತಾರೆ.

ನಮ್ಮಲ್ಲಿ ಎದುರು ಸಾಲಿನ ಸೋಫಾಗಳು ಯಾರಿಗಾಗಿ ಕಾದಿರುತ್ತವೆ ಎಂಬುದನ್ನು ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸ್ವಾಗತ, ಪ್ರಾಸ್ತಾವಿಕ, ದೀಪ, ಶಾಲು, ಹಾರ ಎಲ್ಲ ಮುಗಿದು, ಗಣ್ಯರು ಆರಂಭದ ಕೃತಿಯಾದ ವರ್ಣದ ನಡುವೆಯೇ ಎದ್ದುಹೋದ ಬಳಿಕ ಉಳಿದ ಕಛೇರಿಯನ್ನು ಖಾಲಿ ಸೋಫಾಗಳೇ ಕೇಳುತ್ತವೆ. ರಸಿಕರು ಹಿಂದಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಉಳಿಯುತ್ತಾರೆ. ಹಾಗೆಂದು ಎದುರಿನ ಜಾಗ ಸಾಮಾನ್ಯರಿಗೆ ಸಿಗುವ ಪದ್ಧತಿ ನಮಗೆ ಗೊತ್ತೇ ಇಲ್ಲವೆನ್ನುವಂತಿಲ್ಲ. ಕಟೀಲು ಯಕ್ಷಗಾನ ಮೇಳದ ಹರಕೆಯ ಬಯಲಾಟದಲ್ಲಿ ರಂಗಸ್ಥಳದ ಎದುರೇ ಚಾಪೆ ಹಾಸಿ ಕೂತ ಮಕ್ಕಳಿಗೆ ಕಾಣುವಷ್ಟು ವೇಷ ಹಿಂದೆ ಕುರ್ಚಿಯಲ್ಲಿ ಕೂತ ಹಿರಿಯರಿಗೂ ಕಾಣುವುದಿಲ್ಲ. ಶಾಸ್ತ್ರೀಯ ಸಂಗೀತಕ್ಕೆ ಮಾತ್ರ ಈ ಸೋಫಾ ಏಕೆ ಗಂಟುಬಿತ್ತೋ!

ಅಲ್ಲಿ ಕೇಳಿದವುಗಳಲ್ಲಿ ನನಗೆ ಮರೆಯಲಾಗದ್ದು ಪಾಶ್ಚಾತ್ಯ ಸಂಯೋಜಕ ಮಾಹ್ಲರನ ಎರಡನೆಯ ಸಿಂಫನಿ, ಹಲವು ಭಾಗಗಳ ದೊಡ್ಡ ವಾದ್ಯವೃಂದ ಕೃತಿ. ಸುಮಾರು ಒಂದೂವರೆ ಗಂಟೆ ಕಾಲು ಬದಲಿಸುತ್ತಾ ನಿಂತೇ ಕೇಳಬೇಕು. ಆರಂಭದಲ್ಲೇ ಚೆಲ್ಲೊ ಮತ್ತು ಡಬಲ್ ಬೇಸ್ ಎಂಬ ದೊಡ್ಡ ತಂತಿವಾದ್ಯಗಳು ಒಟ್ಟಾಗಿ ಗುಡುಗುವಾಗ ಆ ಕಂಪನ ಅಂಗಾಲಿಗೇ ತಲುಪುತ್ತದೆ. ಮುಂದಿನ ಸಾಲಿನ ಪಿಟೀಲುವಾದಕಿಯೊಬ್ಬರ ಕಮಾನಿನಿಂದ ಕಿತ್ತುಬಂದ ಕೂದಲೆಳೆಯೊಂದು ಗಾಳಿಯಲ್ಲಿ ಓಲಾಡುತ್ತಿದ್ದದ್ದೂ, ಕೈಬಿಡುವಾದ ಒಂದೆರಡು ಕ್ಷಣಗಳಲ್ಲಿ ಆಕೆ ಅದನ್ನು ಚಿವುಟಿ ಎಸೆದದ್ದೂ ನಾನು ನಿಂತಲ್ಲಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಕೊನೆಯ ಭಾಗದಲ್ಲಿ ತುತ್ತೂರಿಗಳು ವೇದಿಕೆಯಿಂದಲ್ಲ, ಕಣ್ಣಿಗೆ ಕಾಣದ ಎಲ್ಲಿಂದಲೋ ಕೇಳಿಬರುತ್ತವೆ. ಆಮೇಲೆ ನೂರಾರು ಗಾಯಕರು ಕುಳಿತಲ್ಲಿಂದಲೇ ಪಿಸುದನಿಯಲ್ಲಿ ಹಾಡತೊಡಗುತ್ತಾರೆ. ಆ ದನಿ ಏರುತ್ತ ಹೋಗಿ, 9,999 ಕೊಳವೆಗಳ ಆರ್ಗನ್ ಅದರೊಂದಿಗೆ ಕೂಡಿಕೊಳ್ಳುತ್ತದೆ. 1871ರಲ್ಲಿ ತೆರೆದ ಈ ಕಟ್ಟಡಕ್ಕೆ ಪ್ರತಿಧ್ವನಿಯ ಅಪಖ್ಯಾತಿ ಹಳೆಯದು; ಅದನ್ನು ತಗ್ಗಿಸಲು 1969ರಲ್ಲಿ ಗುಮ್ಮಟದಿಂದ ಅಣಬೆಯಾಕಾರದ ಫೈಬರ್‌ಗ್ಲಾಸ್ ತಟ್ಟೆಗಳನ್ನು ತೂಗುಹಾಕಿದರು. ಆದರೆ ಆ ಹಾಡು ಮೊಳಗುವ ಹೊತ್ತಿಗೆ ಅಳಿದುಳಿದ ಪ್ರತಿಧ್ವನಿಯೂ ಬೇಕೆನಿಸಿತು.

ಒಂದು ಭಾಗಕ್ಕೂ ಇನ್ನೊಂದಕ್ಕೂ ನಡುವೆ ಚಪ್ಪಾಳೆ ತಟ್ಟುವ ರೂಢಿಯಿಲ್ಲ. ಭಲೇ ಎನ್ನುವಂತಿಲ್ಲ, ತೊಡೆಯ ಮೇಲೆ ತಾಳ ಹಾಕಿದರೂ ಪಕ್ಕದವರು ತಿರುಗಿ ನೋಡುತ್ತಾರೆ. ತನಿ ಆವರ್ತನದ (ತಾಳವಾದ್ಯಗಳ ಪ್ರತ್ಯೇಕ ನುಡಿಕೆಯ) ಕೊನೆಯ ಕೋರ್ವೆಗೆ, ಆ ಮುಕ್ತಾಯದ ಲಯವಿನ್ಯಾಸಕ್ಕೆ, ಇಡೀ ಸಭೆ ತಾಳ ಹಾಕುತ್ತಾ ಕಾಯುವ ಸುಖವನ್ನು ಉಂಡವರಿಗೆ ಈ ಶಿಸ್ತು ಸುಲಭವಾಗಿ ಒಗ್ಗುವುದಿಲ್ಲ. ನನಗಂತೂ ಇನ್ನೂ ಪೂರ್ತಿ ಒಗ್ಗಿಲ್ಲ. ಆದರೂ ನಿಂತವರ ತಮಾಷೆ ಅವರಿಗಿದೆ: ಸಿಬ್ಬಂದಿ ಪಿಯಾನೊದ ಮುಚ್ಚಳ ಎತ್ತುವಾಗ ಅಂಗಳದವರು 'ಹೀವ್' (ಎತ್ತು) ಎಂದು ಕೂಗಿದರೆ, ಮೇಲಿನ ಗ್ಯಾಲರಿಯವರು 'ಹೋ' ಎಂದು ಓಗೊಡುತ್ತಾರೆ.

ಮಣಿಪಾಲದಿಂದಲೋ ಸುರತ್ಕಲ್ಲಿನಿಂದಲೋ ಮುಂದೆ ಓದಲು ಇಲ್ಲಿಗೆ ಬರುವವರು ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಈ ಉತ್ಸವವನ್ನು ತಪ್ಪಿಸಿಕೊಳ್ಳಬಾರದು. ನಿಲ್ಲುವ ಟಿಕೆಟ್‌ಗಳು ಆಯಾ ದಿನ ಬೆಳಿಗ್ಗೆ ಆನ್‌ಲೈನ್‌ನಲ್ಲಿ ಸಿಗುತ್ತವೆ. ಮೆತ್ತನೆಯ ಶೂ ಹಾಕಿಕೊಂಡು ಬನ್ನಿ, ದೊಡ್ಡ ಬ್ಯಾಗ್ ಬೇಡ. ಪಿಯಾನೊ ಇರುವ ದಿನ ಎಡಬದಿಗೆ ನಿಂತರೆ ವಾದಕರ ಬೆರಳುಗಳೂ ಕಾಣುತ್ತವೆ.