ಒತ್ತಕ್ಷರ ಉಳಿಸಿದವರಿಗೆ ವರ್ಷಾವರ್ಷ ರೊಕ್ಕ

ಸ್ವಂತವಾಗಿ ವೆಬ್‌ಸೈಟ್ ಮಾಡಿಕೊಡುವ ಕೆಲಸದಲ್ಲಿ ಬಾಸ್ ಇರುವುದಿಲ್ಲ ಅನ್ನುತ್ತಾರೆ. ಹುಬ್ಬಳ್ಳಿಯಲ್ಲಿ ಇಪ್ಪತ್ತು ಗಿರಾಕಿ ಹಿಡಿದವರನ್ನು ದೀಪಾವಳಿಗೆ ಎರಡು ವಾರ ಮುಂಚೆ ಕೇಳಿ ನೋಡಿ, ಇಪ್ಪತ್ತು ಬಾಸ್ ಇರುತ್ತಾರೆ. ಈ ಕೆಲಸದ ಗಳಿಕೆ ನಿಂತಿರುವುದು ಕಟ್ಟಿದ ಸೈಟನ್ನು ಸಾಕುವುದರ ಮೇಲೆ.

ಲೆಕ್ಕ ಹಾಕೋಣ. 20 ಗಿರಾಕಿ, ತಲಾ ವರ್ಷಕ್ಕೆ 6,000 ರೂಪಾಯಿ ನಿರ್ವಹಣೆ ಅಂದರೆ 1,20,000. ತಿಂಗಳಿಗೆ 10,000 ಬಿತ್ತು. ಹೊಸ ಕೆಲಸಕ್ಕೆ ಯಾರೂ ಕೈ ಹಾಕದ ಆಷಾಢದಲ್ಲೂ ಸರ್ವರ್ ಮತ್ತು ಇಂಟರ್ನೆಟ್ ಖರ್ಚು ಇದರಲ್ಲೇ ಕಳೆಯುತ್ತದೆ. ಎಲ್ಲರ ನವೀಕರಣ ಒಂದೇ ತಿಂಗಳಿಗೆ ಬಾರದ ಹಾಗೆ ತಾರೀಖು ಹಂಚಿಕೊಂಡರೆ ಸಾಕು.

ಡೊಮೈನ್, ಅಂದರೆ ಸೈಟಿನ ವಿಳಾಸ, ಮಾತ್ರ ಗಿರಾಕಿಯ ಹೆಸರು, ಗಿರಾಕಿಯ ಇಮೇಲ್‌ನಲ್ಲೇ ಇರಲಿ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದರೆ ರಿಜಿಸ್ಟ್ರಾರ್ (ಹೆಸರು ನೋಂದಾಯಿಸುವ ಕಂಪನಿಯವರು) ಹೆಚ್ಚೆಂದರೆ 45 ದಿನ ಕಾಯುತ್ತಾರೆ. ಅವರು ಅಳಿಸಿದ ಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಆಮೇಲೆ 5 ದಿನ ಬೀಗ, ನಂತರ ಯಾರು ಬೇಕಾದರೂ ಕೊಳ್ಳಬಹುದು. ನೆನಪಿನ ಮೇಲೆ ನಡೆಸಬೇಡಿ, 60, 30 ಮತ್ತು 7 ದಿನ ಮುಂಚೆ ವಾಟ್ಸ್ಆ್ಯಪ್ ಸಂದೇಶ ಹೋಗುವಂತೆ ಇಡಿ.

ಇನ್ನು, ದೂರದ ಅಗ್ಗದ ಕಂಪನಿಗಳ ಮುಂದೆ ಇಲ್ಲಿನ ಡೆವಲಪರ್ ಗೆಲ್ಲುವುದು ಕನ್ನಡದಲ್ಲಿ. ‘ಹುಬ್ಬಳ್ಳಿ’ ಎಂಬ ಪದವನ್ನೇ ತೆಗೆದುಕೊಳ್ಳಿ. ಇಂಗ್ಲಿಷಿಗೆಂದು ಮಾಡಿದ ಟೆಂಪ್ಲೇಟಿನ ಬಟನ್‌ಗೆ ಲೈನ್-ಹೈಟ್ (ಸಾಲಿನ ಎತ್ತರ) 1.2, ಓವರ್‌ಫ್ಲೋ ಹಿಡನ್ (ಚೌಕದಾಚೆ ಹೋದದ್ದನ್ನು ಮರೆಮಾಡುವ ಆಜ್ಞೆ) ಇದ್ದರೆ ಕೆಳಗಿನ ಒತ್ತುಗಳು ಕತ್ತರಿಸಿ ಹೋಗಿ ‘ಹುಬಳಿ’ ಉಳಿಯುತ್ತದೆ. ಲೈನ್-ಹೈಟ್ 1.7 ಮಾಡಿ, ಹಿಡನ್ ತೆಗೆಯಿರಿ. ಇಂಗ್ಲಿಷ್ ಶೀರ್ಷಿಕೆಗೆ ಕೊಟ್ಟ ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಕನ್ನಡಕ್ಕೂ ಇಳಿದು ಅಕ್ಷರಗಳು ಚೆದುರುತ್ತವೆ, ಅದನ್ನು ಸೊನ್ನೆ ಮಾಡಿ. ಅಂದಹಾಗೆ ಗೂಗಲ್ ಫಾಂಟ್ಸ್‌ನಲ್ಲಿ ‘ಹುಬ್ಬಳ್ಳಿ’ ಹೆಸರಿನ ಫಾಂಟೇ ಇದೆ. ಅದರಲ್ಲಿ ಅಕ್ಷರದ ದಪ್ಪ ಒಂದೇ ಬಗೆಯದಾದ್ದರಿಂದ ದಪ್ಪ ಶೀರ್ಷಿಕೆಗೆ ನೋಟೋ ಸಾನ್ಸ್ ಕನ್ನಡವೇ ವಾಸಿ.

ಮುದ್ರಣಾಲಯದಿಂದ ಬರುವ ಹಳೆಯ ‘ನುಡಿ’ ತಂತ್ರಾಂಶದ ಫೈಲು ಇನ್ನೊಂದು ಕಾಟ. ಗದಗಿನ ಸಂಸ್ಥೆಯ ಪರಿಚಯ ಪತ್ರವಿರಲಿ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಡಬ್ಬಿ, ಕಡ್ಡಿ ತಳಿಗಳ ದರಪಟ್ಟಿಯಿರಲಿ, ಯೂನಿಕೋಡ್‌ಗೆ ಬದಲಿಸದೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರ ಕಾಣುತ್ತದೆ. ಬದಲಿಸಿದ ಮೇಲೂ ನಂಬಬೇಡಿ. ಅರ್ಕಾವತ್ತಿನ ಜಾಗದಲ್ಲಿ ಅಂಕಿ ೯, ಅನುಸ್ವಾರದ ಜಾಗದಲ್ಲಿ ಸೊನ್ನೆ ೦ ಕುಳಿತಿರುತ್ತದೆ: ‘ಕಾರ್ಯ’ ಹೋಗಿ ‘ಕಾಯ೯’, ‘ಅಂಗಡಿ’ ಹೋಗಿ ‘ಅ೦ಗಡಿ’. ಕಣ್ಣಿಗೆ ಸರಿ, ಹುಡುಕಾಟಕ್ಕೆ ತಪ್ಪು. ಅಕ್ಷರಕ್ಕೆ ಅಂಟಿದ ೯ ಮತ್ತು ೦ ಎರಡನ್ನೂ ಹುಡುಕಿ ಒಂದೊಂದಾಗಿ ತಿದ್ದಿ. ಸಾರಾಸಗಟು ರಿಪ್ಲೇಸ್ ಮಾಡಿದರೆ ದರಪಟ್ಟಿಯ ಅಂಕಿಗಳೇ ಹಾಳಾಗುತ್ತವೆ.

ಡೇಟಾಬೇಸಿನಲ್ಲಿ ಅಕ್ಷರ ಉಳಿಸುವ ಸಂಕೇತ ಯುಟಿಎಫ್8ಎಂಬಿ4 ಇರಲಿ. ಕನ್ನಡಕ್ಕೆ ಜಾಗವಿಲ್ಲದ ಲ್ಯಾಟಿನ್1 ಸಂಕೇತದ ಕೋಷ್ಟಕಕ್ಕೆ ಹಾಕಿದ ಕನ್ನಡ ಹಲವು ಸಲ ‘????’ ಆಗಿ ಕೂರುತ್ತದೆ. ಮೂಲ ಅಕ್ಷರ ಆಗಲೇ ಹೋಗಿರುವುದರಿಂದ ಕೋಷ್ಟಕ ಬದಲಿಸಿದರೂ ವಾಪಸ್ ಬರುವುದಿಲ್ಲ, ಮತ್ತೆ ತುಂಬಬೇಕು. ಈ ಕೆಲಸಕ್ಕೆಲ್ಲ ಕೊಟೇಶನ್‌ನಲ್ಲಿ ‘ಕನ್ನಡ ಪಠ್ಯ ಶುದ್ಧಿ, ಪುಟಕ್ಕೆ ಇಷ್ಟು’ ಅಂತ ಬೇರೆ ಸಾಲು ಹಾಕಿ. ಪುಕ್ಕಟೆ ಮಾಡಿದರೆ ಅದೊಂದು ಕೆಲಸ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ತೆರಿಗೆ ವಿಷಯ ಚಿಕ್ಕದು: ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ.

ಸೈಟಿನ ಹಣ ಹೀಗೆ ಪಡೆಯಿರಿ: ಮುಂಗಡ ಅರ್ಧ, ಪರೀಕ್ಷಾ ವಿಳಾಸದಲ್ಲಿ ತೋರಿಸಿದಾಗ ಕಾಲು, ಡೊಮೈನ್ ಜೋಡಿಸುವ ಮುಂಚೆ ಉಳಿದ ಕಾಲು. ‘ಮುಂದಿನ ವಾರ ಕೊಡ್ತೀನ್ರಿ’ ಅಂದವರಿಗೆ ಸೈಟು ಪರೀಕ್ಷಾ ವಿಳಾಸದಲ್ಲೇ ಮುಂದಿನ ವಾರದವರೆಗೂ ಇರಲಿ.