ಮನೆಗೆ ಹಗುರದ ಸರ್ಕ್ಯುಲರ್ ಸಾ ತಗೊಳ್ಳೋರಿಗೆ ಕೌಂಟರ್ ಕಡೆಯಿಂದ ನಾಲ್ಕು ಮಾತು

ಬೆಂಗಳೂರು ಎಸ್‌ಜೆಪಿ ರೋಡಲ್ಲಿ ಪವರ್ ಟೂಲ್ಸ್ ಅಂಗಡಿ ಕೌಂಟರಲ್ಲಿ ನನ್ನ ಕೆಲಸ. ಮೊದಲೆಲ್ಲ ಆಚಾರಿಗಳು, ಇಂಟೀರಿಯರ್ ಕಂಟ್ರಾಕ್ಟರ್‌ಗಳೇ ಜಾಸ್ತಿ ಬರ್ತಿದ್ರು, ಈಗ ಮನೇಲಿ ತಾವೇ ಶೆಲ್ಫು, ಸ್ಟಡಿ ಟೇಬಲ್ಲು ಮಾಡ್ಕೋಬೇಕು ಅನ್ನೋರು ತುಂಬಾ ಬರ್ತಾರೆ, ಸರ್ಕ್ಯುಲರ್ ಸಾ, ಅಂದ್ರೆ ದುಂಡು ಬ್ಲೇಡ್ ತಿರುಗಿ ಮರ ಕೊಯ್ಯೋ ಕೈ ಮಷಿನ್, ತಗೊಳ್ಳೋಕೆ ಬಂದವರು ಕೇಳೋದು ಎರಡೇ, ಎಷ್ಟು ವಾಟ್ಸು, ಹಗುರ ಇದ್ಯಾ ಅಂತ. ನಾನು ಮಷಿನ್ ಎತ್ತಿ ಇಡೋಕೆ ಮುಂಚೆ ಒಂದು ಕೇಳ್ತೀನಿ, "ಸರ್, ನೀವು ಕಟ್ ಮಾಡೋದ್ರಲ್ಲಿ ಎಲ್ಲಕ್ಕಿಂತ ದಪ್ಪದ್ದು ಯಾವ್ದು?" ಅಂತ. ಇದಕ್ಕೆ ಉತ್ತರ ಸಿಕ್ಕಿದ್ರೆ ತೂಕದ ಲೆಕ್ಕ ಮುಕ್ಕಾಲು ಪಾಲು ಮುಗೀತು, ಯಾಕಂದ್ರೆ ಬ್ಲೇಡ್ ದೊಡ್ಡದಾದಷ್ಟೂ ಮೋಟಾರು, ಗಾರ್ಡು (ಬ್ಲೇಡ್ ಮುಚ್ಚೋ ಕವಚ), ಬೇಸ್ ಪ್ಲೇಟು (ಮರದ ಮೇಲೆ ಕೂರೋ ಚಪ್ಪಟೆ ತಳ) ಎಲ್ಲಾ ದೊಡ್ಡದಾಗುತ್ತೆ.

ಮನೆ ಕೆಲಸ ಅಂದ್ರೆ ಮುಖ್ಯವಾಗಿ 18 ಎಂಎಂ ಪ್ಲೈವುಡ್, ಆಗಾಗ ಒಂದೂವರೆ ಇಂಚಿನ ಪೈನ್ ಅಥವಾ ಹಲಸಿನ ಪಟ್ಟಿ. ಇದಕ್ಕೆ 7 ಇಂಚಿನ ಬ್ಲೇಡ್ ಇರೋ ಮಷಿನ್ ಬೇಕಾಗಿಲ್ಲ. ಅದು 4 ಕೆಜಿ ಹತ್ತಿರ ಬರುತ್ತೆ, 65 ಎಂಎಂ ಆಳ ಕೊಯ್ಯುತ್ತೆ, ಬಾಗಿಲ ಚೌಕಟ್ಟು ಮಾಡೋರಿಗೆ ಸರಿ. 165 ಎಂಎಂ ಬ್ಲೇಡಿಂದು 55 ಎಂಎಂ ಹತ್ತಿರ ಕೊಯ್ಯುತ್ತೆ, ಕೈಗೂ ಹಗುರ, ಮನೆಗೆ ನಾನು ಹೇಳೋದು ಇದನ್ನೇ. ಇನ್ನೂ ಹಗುರ ಬೇಕು ಅಂತ 85 ಎಂಎಂ ಬ್ಲೇಡಿನ ಪುಟ್ಟ ಬ್ಯಾಟರಿ ಮಷಿನ್ ನೋಡೋರು ಒಂದು ಗಮನಿಸಿ, ನೇರ ಕಟ್ಟಲ್ಲಿ ಅದು 25 ಎಂಎಂ ಆಸುಪಾಸು ಇಳಿಯುತ್ತೆ, ಆದ್ರೆ 45 ಡಿಗ್ರಿಗೆ ಓರೆ ಮಾಡಿದ್ರೆ 16-17 ಎಂಎಂ ಅಷ್ಟೇ, ಅಂದ್ರೆ 18ರ ಪ್ಲೈಗೆ ಮೈಟರ್ ಜಾಯಿಂಟ್ (ಎರಡು ಓರೆ ಅಂಚು ಸೇರಿಸಿ ಮೂಲೆ ಕೂಡಿಸೋದು) ಮಾಡೋಕೆ ಹೋದ್ರೆ ಕೆಳಗೆ ಒಂದು ಪದರ ಉಳ್ಕೊಳ್ಳುತ್ತೆ. ಬಾಕ್ಸ್ ಮೇಲಿನ ತೂಕ ಓದುವಾಗಲೂ ಬ್ಯಾಟರಿ ಸೇರಿಸಿದಾರಾ ಕೇಳಿ, 18 ವೋಲ್ಟಿನ 5 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಒಂದೇ ಅರ್ಧ ಕೆಜಿ ದಾಟುತ್ತೆ.

ಈಗ ನನಗೆ ನಿಜವಾಗ್ಲೂ ಚಿಂತೆ ಆಗೋ ವಿಷಯ. ಹಗುರ, ರೇಟೂ ಕಡಿಮೆ ಅಂತ ಎಷ್ಟೋ ಜನ 4 ಇಂಚಿನ ಮಾರ್ಬಲ್ ಕಟರ್ ತಗೊಂಡು ಅದಕ್ಕೆ ಮರದ ಬ್ಲೇಡ್ ಹಾಕಿಸ್ಕೊಳ್ತಾರೆ, ಸೈಟಲ್ಲಿ ಎಲ್ಲರೂ ಅದರಲ್ಲೇ ಪ್ಲೈ ಕೊಯ್ಯೋದು ನೋಡಿರ್ತಾರಲ್ಲ. ಅದು ಕಲ್ಲು, ಟೈಲ್ಸ್ ಕೊಯ್ಯೋಕೆ ಮಾಡಿರೋದು, ನಿಮಿಷಕ್ಕೆ 12,000 ಸುತ್ತು ಮೇಲೆ ತಿರುಗುತ್ತೆ, ಸರ್ಕ್ಯುಲರ್ ಸಾ 5,000 ಚಿಲ್ಲರೆ. ಕಲ್ಲಿನ ಬ್ಲೇಡಿಗೆ ಹಲ್ಲಿಲ್ಲ, ಮರದ ಬ್ಲೇಡಿಗಿದೆ, ಕೊಯ್ದ ಪ್ಲೈ ಮಧ್ಯ ಬಗ್ಗಿ ಬ್ಲೇಡನ್ನ ಹಿಡ್ಕೊಂಡ್ರೆ ಮಷಿನ್ ಹಿಂದಕ್ಕೆ ನಿಮ್ಮ ಕಡೆಗೇ ಎಗರುತ್ತೆ. ಸರ್ಕ್ಯುಲರ್ ಸಾ ಕೂಡ ಎಗರಬಹುದು, ಆದ್ರೆ ಅದರಲ್ಲಿ ಸ್ಪ್ರಿಂಗ್ ಗಾರ್ಡ್ ತಾನೇ ಮುಚ್ಕೊಳ್ಳುತ್ತೆ, ಮಾರ್ಬಲ್ ಕಟರಲ್ಲಿ ಕೆಳಗಿನ ಗಾರ್ಡೇ ಇಲ್ಲ, ಸ್ವಿಚ್ ಲಾಕ್ ಹಾಕಿದ್ರೆ ಕೈ ಬಿಟ್ರೂ ತಿರುಗ್ತಾನೇ ಇರುತ್ತೆ. ನಮ್ಮ ಕೌಂಟರಿಗೆ ಬರೋ ಹಳೇ ಆಚಾರಿಗಳಲ್ಲಿ ಬೆರಳು ಕಳ್ಕೊಂಡೋರು ಇದ್ದಾರೆ. ಮರ ಕೊಯ್ಯೋಕೆ ಅಂತ ಗೊತ್ತಾದ್ರೆ ನಾನು ಮಾರ್ಬಲ್ ಕಟರ್ ಕೊಡಲ್ಲ, ಬೇರೆ ಅಂಗಡೀಲಿ ತಗೋತೀನಿ ಅಂದ್ರೂ ಪರವಾಗಿಲ್ಲ.

ಅಂಗಡೀಲಿ ನೋಡುವಾಗ ಬ್ಯಾಟರಿ ತೆಗೆದು ಅಥವಾ ಪ್ಲಗ್ ಹಾಕದೇನೇ ಗಾರ್ಡನ್ನ ಎಳೆದು ಬಿಡಿ, ಟಪ್ ಅಂತ ವಾಪಸ್ ಮುಚ್ಚಬೇಕು, ನಿಧಾನ ಆದ್ರೆ ಬೇಡ. ಬೇಸ್ ಪ್ಲೇಟ್ ನೋಡಿ, ತೂಕ ಕಡಿಮೆ ಮಾಡೋಕೆ ತೆಳು ತಗಡು ಹಾಕಿರೋದು ಒಂದ್ಸಲ ಕೆಳಗೆ ಬಿದ್ರೆ ಬಗ್ಗುತ್ತೆ, ಆಮೇಲೆ ಯಾವ ಕಟ್ಟೂ 90 ಡಿಗ್ರಿ ಬರಲ್ಲ, ಎರಕದ ಅಲ್ಯೂಮಿನಿಯಂ ಅಥವಾ ಮೆಗ್ನೀಷಿಯಂ ಪ್ಲೇಟಿಗೆ ಸ್ವಲ್ಪ ದುಡ್ಡು ಜಾಸ್ತಿ ಕೊಟ್ರೂ ಸರಿ. ಹಿಡಿಕೆ ಹಿಡಿದು ನೋಡಿ, ಮೂಗು ಮುಂದಕ್ಕೆ ಜೋತು ಬೀಳೋ 3 ಕೆಜಿ ಮಷಿನ್‌ಗಿಂತ ಸಮ ನಿಲ್ಲೋ ಮೂರೂವರೆ ಕೆಜಿದೇ ಕೈಗೆ ಆರಾಮ.

ಬ್ಲೇಡಿಗೆ ಅಂತ ದುಡ್ಡು ಎತ್ತಿಡಿ. ಸುಮಾರು ಮಷಿನ್‌ಗಳ ಜೊತೆ ಬರೋದು 24 ಹಲ್ಲಿಂದು, ಉದ್ದುದ್ದ ಸೀಳೋಕೆ ಚೆನ್ನಾಗಿದೆ, ಪ್ಲೈನಲ್ಲಿ ಅಂಚು ಕಿತ್ತು ಬರುತ್ತೆ. ಪ್ಲೈಗೆ 40 ಹಲ್ಲು, ಮೈಕಾ ಅಂಟಿಸಿದ್ರೆ 60. ಹಲ್ಲು ಕೆಳಗಿಂದ ಮೇಲಕ್ಕೆ ಕೊಯ್ಯೋದ್ರಿಂದ ಚಂದದ ಮುಖ ಕೆಳಗೆ ಇರಲಿ, ಆಳ ಪ್ಲೈಗಿಂತ 5 ಎಂಎಂ ಜಾಸ್ತಿ ಇಟ್ರೆ ಸಾಕು. ಹೊಸ ಬ್ಲೇಡ್ ತಗೊಳ್ಳೋಕೆ ಬರುವಾಗ ಹಳೇದನ್ನ ಜೊತೆಗೆ ತನ್ನಿ, ನಡುವಿನ ತೂತು ಕೆಲವಕ್ಕೆ 20 ಎಂಎಂ, ಕೆಲವಕ್ಕೆ 25.4 ಅಥವಾ 30 ಇರುತ್ತೆ, ಫೋನಲ್ಲಿ ಫೋಟೋ ತೋರಿಸಿದ್ರೆ ನಮಗೂ ಗೊತ್ತಾಗಲ್ಲ.